ಕೋಮಲಾಗೆ ಕಾಲೇಜು ನೋಡಿದ್ದು

ಪಕ್ಕೀರಮ್ಮ ಕೋಮಲಾಳನ್ನು ಮೊದಲು ಕಂಡದ್ದು ಕೂಡ್ಲಿಗಿಯ ಹುಣಸೆಹಣ್ಣಿನ ಅಂಗಳದಲ್ಲಿ, ಒಂದು ಸೋಮವಾರ, ಹೊತ್ತು ನೆತ್ತಿಗೆ ಬರುವ ಮುಂಚೆ. ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಅಂಗಳದಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ಕೂತಿದ್ದರು. ಒಣಗಿದ ಹಣ್ಣನ್ನು ಕಲ್ಲಿನ ಮೇಲಿಟ್ಟು ಕೊಡತಿಯಿಂದ ಒಂದೇಟು ಹಾಕಬೇಕು, ಸಿಪ್ಪೆ ಉದುರಿದ ಮೇಲೆ ನಾರು ಎಳೆದು, ಹೆಬ್ಬೆರಳಿನಿಂದ ಒತ್ತಿ ಬೀಜ ತೆಗೆಯಬೇಕು. ಮೂವತ್ತಾರು ವರ್ಷ ಹಾಗೆ ಒತ್ತಿ ಒತ್ತಿ ಪಕ್ಕೀರಮ್ಮನ ಹೆಬ್ಬೆರಳು ಬುಡದಲ್ಲಿ ಗಂಟುಕಟ್ಟಿ ಒಳಕ್ಕೆ ವಾಲಿತ್ತು.

ಪಕ್ಕದಲ್ಲಿ ಕೂತವಳು ಅವಳ ಜೊತೆಗಾತಿ ದುರುಗಮ್ಮ. ದುರುಗಮ್ಮನ ದೊಡ್ಡ ಮಗ ಭೀಮರಾಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಿಂಧನೂರಿನಿಂದ ಕೂಡ್ಲಿಗಿ ಡಿಪೋಗೆ ವರ್ಗವಾಗಿ ಆ ವಾರವಷ್ಟೇ ಹೆಂಡತಿ ಮಗಳ ಜೊತೆ ಊರಿಗೆ ಬಂದಿದ್ದ. ಆ ಮಗಳೇ ಕೋಮಲಾ, ಒಂಬತ್ತು ವರ್ಷದವಳು, ಅಜ್ಜಿಗೆ ರೊಟ್ಟಿಗಂಟು ತಂದಿದ್ದಳು. ಗಂಟು ಇಟ್ಟವಳು ತಿರುಗಿ ಹೋಗಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಹದಿನಾಲ್ಕೂ ಜನರ ಕೈ ನೋಡಿದಳು. ಆಮೇಲೆ ಪಕ್ಕೀರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೇಳದೆ ಹೇಳದೆ ಆ ಹೆಬ್ಬೆರಳು ಹಿಡಿದಳು.

"ಅಜ್ಜಿ, ಇದು ಮುಂಜಾನಿ ಜಾಸ್ತಿ ನೋಯ್ತೈತೋ ಸಂಜಿಗೋ?"

ಅಷ್ಟು ವರ್ಷದಲ್ಲಿ ಆ ಬೆರಳಿನ ಬಗ್ಗೆ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಪಕ್ಕೀರಮ್ಮನಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಅಂದಾಜಿಗೆ ಹೇಳುವ ಹೆಂಗಸೂ ಅವಳಲ್ಲ. ನಾಳೆ ನೋಡಿ ಹೇಳುತ್ತೇನೆ ಅಂದಳು. ಮರುದಿನ ಅದೇ ಹೊತ್ತಿಗೆ ಹುಡುಗಿ ಹಾಜರು. ಮುಂಜಾನೆ ಬಿಗಿ ಇರುತ್ತದೆ, ನೋವು ಬರುವುದು ಸಂಜೆಗೆ, ಎರಡೂ ಬೇರೆ ಬೇರೆ ಎಂದು ಪಕ್ಕೀರಮ್ಮ ಒಪ್ಪಿಸಿದಳು. ಹುಡುಗಿ ಶಾಲೆಯ ನೋಟುಬುಕ್ ತೆಗೆದು, ಹಾಳೆಯ ಮೇಲೆ ಅವಳ ಅಂಗೈ ಮಡಗಿಸಿ, ಸುತ್ತಲೂ ಪೆನ್ಸಿಲ್ ಎಳೆದು, ಕೆಳಗೆ ಆ ಮಾತು ಬರೆದುಕೊಂಡಳು. ಎರಡನೆಯ ಹಾಳೆ ತನ್ನ ಸ್ವಂತ ಅಜ್ಜಿ ದುರುಗಮ್ಮನ ಕೈ.

"ಬಂದ್ಲು ನೋಡ್ರಿ ಶಾನುಭೋಗ್ತಿ," ಅಂದಳು ದುರುಗಮ್ಮ ಸಾಲಿನವರಿಗೆಲ್ಲ ಕೇಳುವ ಹಾಗೆ. "ಇನ್ನ ಮ್ಯಾಲೆ ನಿಮ್ಮ ಕೈ ನೋವಿಗೆಲ್ಲ ಪಹಣಿ ಸಿಗತೈತಿ."

ಆ ನೋಟುಬುಕ್ ತುಂಬುತ್ತಾ ಹೋಯಿತು. ಮೆಕ್ಕೆಜೋಳದ ತೆನೆ ಮುರಿಯುವವರ ಕೈ, ಕಳೆ ಕೀಳುವವರ ಕೈ, ಪಾನಾ ತಿರುಗಿಸಿ ತಿರುಗಿಸಿ ಮಣಿಕಟ್ಟು ದಪ್ಪಗಾದ ಅಪ್ಪನ ಕೈ. ಕೋಮಲಾ ನೋವು ಅಂದರೆ ಬರೆದುಕೊಳ್ಳುತ್ತಿರಲಿಲ್ಲ. ಎಂಥ ನೋವು ಅಂತ ಹೇಳಬೇಕು. ಸೆಳೆಯುತ್ತದೋ, ಚುಳುಕ್ ಅನ್ನುತ್ತದೋ, ಜೋಮು ಹಿಡಿಯುತ್ತದೋ, ಉರಿಯುತ್ತದೋ. ಹಾಗೆ ಬಿಡಿಸಿ ಹೇಳಲು ಬಾರದವರನ್ನು ಮತ್ತೆ ನಾಳೆ ಬಂದು ಕೇಳುವಳು. ಕೆಲವರು ಇವಳನ್ನು ದೂರದಲ್ಲಿ ಕಂಡೇ ಕೈ ಸೆರಗಿನೊಳಗೆ ಮುಚ್ಚಿಕೊಂಡು ಓಡಾಡಿ ನಗಿಸುತ್ತಿದ್ದರು.

ಉಳಿದಂತೆ ಎಲ್ಲರ ಹಾಗೆ ಇದ್ದ ಹುಡುಗಿ. ಅವಳು ಬಡಿದ ರೊಟ್ಟಿಗೆ ಮೂರು ಮೂಲೆ ಇರುತ್ತಿದ್ದವು. ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು ಹಲ್ಲು ಚಳಿಯುವ ತನಕ ತಿಂದು ಎರಡು ದಿನ ಊಟ ಬಿಡುವಳು. ಪಗಡೆ ಆಡಿದರೆ ಮೋಸ ಮಾಡುವಳು, ಸಿಕ್ಕಿಬಿದ್ದರೆ ಎಲ್ಲರಿಗಿಂತ ಜೋರಾಗಿ ತಾನೇ ನಗುವಳು. ಕೋಮಲಾಳಿಗೆ ಹನ್ನೆರಡಾಗಿದ್ದಾಗ ದುರುಗಮ್ಮ ತೀರಿಕೊಂಡಳು. ಅಲ್ಲಿಂದ ಹುಡುಗಿ ಶಾಲೆಯಿಂದ ಬಂದವಳು ಪಕ್ಕೀರಮ್ಮನ ಕಟ್ಟೆಯ ಮೇಲೆಯೇ ಓದಲು ಕೂಡುತ್ತಿದ್ದಳು. ಗಂಡ ಹೋಗಿ ಇಪ್ಪತ್ತೆಂಟು ವರ್ಷ ಒಂಟಿಯಾಗಿದ್ದ ಪಕ್ಕೀರಮ್ಮನಿಗೆ ಸಂಜೆ ಎರಡು ಲೋಟ ಚಹಾ ಇಡುವ ರೂಢಿ ಆಯಿತು.

ಪಿಯುಸಿ ಮುಗಿಯುವ ಹೊತ್ತಿಗೆ ನೋಟುಬುಕ್ಕಿನಲ್ಲಿ ಅರವತ್ತಮೂರು ಕೈಗಳಿದ್ದವು. ಡಾಕ್ಟರಾಗುವ ಪರೀಕ್ಷೆಯಲ್ಲಿ ಮೊದಲ ವರ್ಷ ಅಂಕ ಕಡಿಮೆ ಬಿದ್ದವು. ಒಂದು ವಾರ ಅತ್ತಳು, ಎಂಟನೆಯ ದಿನ ಎದ್ದು ಮುಖ ತೊಳೆದು ಮತ್ತೆ ಕೂತಳು. ಎರಡನೆಯ ವರ್ಷ ಒಳ್ಳೆಯ ರ‍್ಯಾಂಕೇ ಬಂತು. ಸರ್ಕಾರಿ ಸೀಟು ಖಾತ್ರಿ, ಎಲ್ಲಿ ಎಂಬುದಷ್ಟೇ ಬಾಕಿ ಅಂದರು ತಿಳಿದವರು.

ತಿಳಿದವರಲ್ಲಿ ಮೊದಲನೆಯವನು ಭೀಮರಾಜನ ತಮ್ಮ ಮಾರೇಶ್, ಹರಪನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಹಿಂದಿನ ವರ್ಷ ಯಾವ ಕಾಲೇಜಿನ ಬಾಗಿಲು ಎಷ್ಟನೆಯ ರ‍್ಯಾಂಕಿಗೆ ಮುಚ್ಚಿತು ಅಂತ ಕೆಂಪು ಶಾಯಿಯಲ್ಲಿ ಬರೆದುಕೊಂಡು ಬಂದಿದ್ದ. ಅರ್ಜಿ ತುಂಬಿದವನೂ ಅವನೇ, ಅದರಲ್ಲಿ ಕೊಟ್ಟ ಫೋನ್ ನಂಬರೂ ಅವನದೇ. ಬೆಂಗಳೂರು ಮೊದಲು, ಮೈಸೂರು ಆಮೇಲೆ, ಹುಬ್ಬಳ್ಳಿ ಅದರ ಆಮೇಲೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋದ. ಮನೆ ತುಂಬ ಜನ, ಎಲ್ಲರೂ ಯಾವುದು ದೊಡ್ಡದು ಅಂತಲೇ ಕೇಳುವವರು.

ಪಕ್ಕೀರಮ್ಮ ಬಾಗಿಲ ಪಕ್ಕ ಕೂತು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಕೋಮಲಾಳ ಕಡೆ ತಿರುಗಿ, ಇವುಗಳಲ್ಲಿ ನೀನು ಯಾವುದನ್ನ ಕಣ್ಣಾರೆ ನೋಡಿದ್ದೀಯೆ ಅಂತ ಕೇಳಿದಳು. ಒಂದನ್ನೂ ಇಲ್ಲ ಅಂದಳು ಹುಡುಗಿ.

"ಐದೂವರಿ ವರ್ಷ ಬಾಳ್ವಿ ಮಾಡೋ ಮನಿ," ಅಂದಳು ಪಕ್ಕೀರಮ್ಮ. "ನೋಡಿ ಬರೋಣು ನಡಿ."

ಎಲ್ಲರೂ ನಕ್ಕರು, ಆದರೆ ಬೇಡ ಅನ್ನಲಿಲ್ಲ. ಅದಕ್ಕೆ ಕಾರಣವಿತ್ತು. ಆ ಓಣಿಯಲ್ಲಿ ಯಾರ ಮಗಳಿಗೆ ಗಂಡು ಗೊತ್ತಾದರೂ, ಗಂಡಿನ ಮನೆ ನೋಡಿ ಬರಲು ಪಕ್ಕೀರಮ್ಮನೇ ಬೇಕು. ಗಂಡ ಇಲ್ಲದವಳೆಂದು ಹಂದರದಲ್ಲಿ ಅವಳನ್ನು ಮುಂದೆ ಕರೆಯುತ್ತಿರಲಿಲ್ಲ, ಮನೆ ನೋಡಲು ಮಾತ್ರ ಮೊದಲು ಕರೆಯುವರು. ನಲವತ್ತೊಂದು ಮನೆ ನೋಡಿದ್ದಳು, ಎರಡರಲ್ಲಿ ಮಾತ್ರ ತಪ್ಪಿದ್ದಳು. ಅವಳ ಪದ್ಧತಿ ಕಟ್ಟುನಿಟ್ಟು. ಗಂಡಿನವರು ಹೇಳುವುದನ್ನು ಕಿವಿಗೆ ಹಾಕಿಕೊಳ್ಳುವಂತಿಲ್ಲ, ಆ ಮನೆಗೆ ಮೊದಲೇ ಬಂದ ಹಿರಿ ಸೊಸೆಯ ಮುಖ ನೋಡಬೇಕು. ಮಾತು ಗಟ್ಟಿಯಾಗುವ ತನಕ ಆ ಮನೆಯ ನೀರು ಕುಡಿಯುವಂತಿಲ್ಲ. ಕುಡಿದರೆ ಒಪ್ಪಿದ ಹಾಗೆ. ಇನ್ನೊಂದು, ಮನಸ್ಸಿಗೆ ಬಂದ ಮನೆಯ ಹೆಸರನ್ನು ಮೊದಲು ಬಾಯಿಗೆ ತರಬಾರದು. ಬೇರೆ ಮೂರು ಹೆಸರು ಮುಂದೆ ಬಿಟ್ಟು ಅದನ್ನು ನಾಲ್ಕನೆಯದಾಗಿ ಹೇಳಬೇಕು. ದೃಷ್ಟಿ ಆಗುವುದಿಲ್ಲ, ಎದುರಿನವರಿಗೆ ಸದರವೂ ಆಗುವುದಿಲ್ಲ.

ಬೆಂಗಳೂರು ಮೈಸೂರಿಗೆ ಹೋಗಿ ಬರುವಷ್ಟು ದಿನಗಳಿರಲಿಲ್ಲ. ಅವುಗಳ ಹೆಸರೇ ಸಾಕು, ನೋಡುವುದೇನಿದೆ ಅಂದ ಮಾರೇಶ್. ಹಾಗಾಗಿ ಮೂರು ಊರಿಗೆ ಹೋದರು. ಹುಬ್ಬಳ್ಳಿಯಲ್ಲಿ ಕಟ್ಟಡ ಕತ್ತೆತ್ತಿ ನೋಡುವಷ್ಟು ದೊಡ್ಡದು, ಎದುರಾದವರೆಲ್ಲ ಚೆಂದಾಗಿ ಮಾತಾಡಿಸಿದರು. ಕೋಮಲಾ ಎಲ್ಲವನ್ನೂ ನೋಡಿ ತಲೆಯಾಡಿಸಿದಳು, ವಾಪಸು ಬಸ್ಸು ಎಷ್ಟೊತ್ತಿಗೆ ಅಂತ ಮೂರು ಸಲ ಕೇಳಿದಳು. ಕೊಪ್ಪಳದಲ್ಲಿ ಒಂದು ಸಲ ಕೇಳಿದಳು. ಪಕ್ಕೀರಮ್ಮ ಆ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಬಳ್ಳಾರಿಗೆ ಹೋದದ್ದು ಒಂದು ಮಂಗಳವಾರ. ಕಾಲೇಜಿನ ಆಸ್ಪತ್ರೆಯಲ್ಲಿ ಎಲುಬು ಕೀಲಿನ ವಿಭಾಗದ ಮುಂದೆ ಬೆಂಚಿನ ಮೇಲೆ ರೋಗಿಗಳ ನಡುವೆಯೇ ಕೂತರು. ಪಕ್ಕೀರಮ್ಮ ಎಣಿಸಿದಳು. ಸಾಲಿನಲ್ಲಿ ಎಪ್ಪತ್ತೆರಡು ಜನ, ಅದರಲ್ಲಿ ಕೈ ಹಿಡಿದುಕೊಂಡು ಬಂದವರು ಹತ್ತೊಂಬತ್ತು. ಭತ್ತದ ಮಿಲ್ಲಿನವರು, ಹಮಾಲರು, ಜೀನ್ಸ್ ಪ್ಯಾಂಟು ಹೊಲಿಯುವ ಹೆಂಗಸರು. ಕೋಮಲಾ ಬೆಂಚಿನ ತುದಿಗೆ ಸರಿದಿದ್ದಳು, ಇನ್ನೊಂದು ಗೇಣು ಸರಿದರೆ ನೆಲಕ್ಕೆ.

ಮುಂದಿನ ಮೇಜಿನಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಹೊಲಿಗೆಯ ಹೆಂಗಸನ್ನು ಮಾತಾಡಿಸುತ್ತಿದ್ದಳು. ಬೆರಳು ಜೋಮು ಹಿಡಿಯುತ್ತವೆ ಅನ್ನುತ್ತಿದ್ದಳು ಹೆಂಗಸು. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ ಅಂತ ಕೋಟಿನ ಹುಡುಗಿ ಕೇಳಿದಳು. ಆಗ ಕೋಮಲಾ ತನಗೇ ಗೊತ್ತಿಲ್ಲದೆ ಬಾಯಿ ಹಾಕಿದಳು.

"ಲೋಟ ಕೈಯಾಗಿಂದ ಬೀಳತೈತೇನು ಕೇಳ್ರಿ ಅಕ್ಕಾರ."

"ಬೀಳತೈತವ್ವಾ," ಅಂದಳು ಹೊಲಿಗೆಯ ಹೆಂಗಸು ಇವಳ ಕಡೆ ತಿರುಗಿ. "ಮೊನ್ನಿನೂ ಚಾ ಚೆಲ್ಲಿ ನಮ್ಮತ್ತಿ ಕೂಡ ಬೈಸ್ಕೊಂಡೆ."

ಕೋಟಿನ ಹುಡುಗಿ ಪೆನ್ನು ಕೆಳಗಿಟ್ಟು, ಯಾರು ನೀನು ಅಂದಳು. ಅವಳ ಹೆಸರು ಶಾಂಭವಿ, ಹಿರೇಹಡಗಲಿಯ ಕಿರಾಣಿ ಅಂಗಡಿಯವರ ಮಗಳು, ಓದು ಮುಗಿಸಿ ಅಲ್ಲಿಯೇ ವರ್ಷದ ತರಬೇತಿಯಲ್ಲಿದ್ದಳು. ಕೋಮಲಾ ನೋಟುಬುಕ್ ತೋರಿಸಿದಳು. ಶಾಂಭವಿ ಹಾಳೆ ತಿರುವುತ್ತಾ ತಿರುವುತ್ತಾ ನಗುವುದನ್ನು ನಿಲ್ಲಿಸಿದಳು. ಹೊಲಿಗೆಯ ಹೆಂಗಸನ್ನು ಕೇಳಿ, ಅವಳು ಹ್ಞೂಂ ಅಂದ ಮೇಲೆ, ಇವಳನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡಳು. ಮಣಿಕಟ್ಟಿನ ಒಳಮೈ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಆ ಹೆಂಗಸಿನ ಬೆರಳ ತುದಿಯಲ್ಲಿ ಚುಳುಚುಳು ಅಂದಿತು. ಅಲ್ಲಿ ಒಂದು ನರ ಒತ್ತಿಕೊಂಡಿದೆ, ಇದಕ್ಕೆ ಔಷಧ ಇದೆ, ಹೆಚ್ಚಾದರೆ ಒಂದು ಸಣ್ಣ ಆಪರೇಷನ್ ಇದೆ ಅಂತ ಶಾಂಭವಿ ಬಿಡಿಸಿ ಹೇಳಿದಳು. ಕೋಮಲಾ ಆ ಹೆಂಗಸಿನ ಕೈ ನೋಡುತ್ತಿರಲಿಲ್ಲ, ನೋಟುಬುಕ್ಕಿನ ಎರಡನೆಯ ಹಾಳೆ ನೋಡುತ್ತಿದ್ದಳು. ದುರುಗಮ್ಮನ ಕೈಯಿಂದಲೂ ಲೋಟ ಬೀಳುತ್ತಿತ್ತು.

ಸಾಲು ಕರಗಿದ ಮೇಲೆ ಪಕ್ಕೀರಮ್ಮ ಶಾಂಭವಿಯನ್ನು ಹಿಡಿದಳು. ಅವಳ ಪಾಲಿಗೆ ಈ ಮನೆಯ ಹಿರಿ ಸೊಸೆ ಅವಳೇ. ಊಟ ಹೇಗಿದೆ, ಹಾಸ್ಟೆಲಿನಲ್ಲಿ ಕದಕ್ಕೆ ಅಗುಳಿ ಇದೆಯೇ, ನಗುವುದಕ್ಕೆ ಹೊತ್ತು ಸಿಗುತ್ತದೆಯೇ ಅಂತ ಒಂದೊಂದಾಗಿ ಕೇಳಿದಳು.

"ಹಾಸ್ಟೆಲ್ ರೊಟ್ಟಿ ನಮ್ಮವ್ವನ ರೊಟ್ಟಿ ಅಲ್ಲ ಬಿಡಜ್ಜಿ," ಅಂದಳು ಶಾಂಭವಿ. "ಆದ್ರೂ ತಿಂದು ತಿಂದು ಹೆಂಗಾಗೀನಿ ನೋಡು."

ಶಾಂಭವಿಗೆ ಕೆನ್ನೆಗಳೂ ಇದ್ದವು, ನಗುವೂ ಇತ್ತು. ಪಕ್ಕೀರಮ್ಮನಿಗೆ ಅಷ್ಟು ಸಾಕಾಯಿತು. ಕೋಮಲಾಳಿಗೆ ಬಾಯಾರಿ ಗಂಟಲು ಒಣಗಿತ್ತು, ಕಾರಿಡಾರಿನ ಮೂಲೆಯಲ್ಲಿ ನೀರಿನ ನಲ್ಲಿ ಕಂಡು ಅತ್ತ ಹೊರಟಳು. ಪಕ್ಕೀರಮ್ಮ ಅವಳ ಜಡೆ ಹಿಡಿದು ಹಿಂದಕ್ಕೆಳೆದಳು. ಮಾತು ಗಟ್ಟಿಯಾಗುವ ಮುಂಚೆ ಇಲ್ಲಿಯ ನೀರು ಇಲ್ಲ ಅಂದಳು. ಹುಡುಗಿ ಗೊಣಗುತ್ತಾ ಹೊರಗಿನ ಚಹಾದಂಗಡಿಯಲ್ಲಿ ನೀರು ಕುಡಿದಳು. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋದರೆ ನಾಲ್ಕೂಕಾಲಿನ ಕೂಡ್ಲಿಗಿ ಬಸ್ಸು ಹೊರಟುಹೋಗಿತ್ತು. ಆ ದಿನವಿಡೀ ಕೋಮಲಾ ಬಸ್ಸಿನ ಹೊತ್ತು ಒಮ್ಮೆಯೂ ಕೇಳಿರಲಿಲ್ಲ. ಪಕ್ಕೀರಮ್ಮನ ಲೆಕ್ಕ ಅಲ್ಲಿಗೆ ಮುಗಿಯಿತು.

ಮುಂದಿನ ಬಸ್ಸು ಹಿಡಿದು ಬರುವ ದಾರಿಯಲ್ಲಿ ಕೋಮಲಾ ಹೇಳಿದಳು, ಬಳ್ಳಾರಿಯೇ ಬೇಕು ಅಂತ. ಅಲ್ಲಿ ಬರುವವರು ನಮ್ಮ ಸೀಮೆಯವರು, ಸೆಳೆಯುತ್ತದೆ ಅಂದರೆ ಏನು, ಚುಳುಕ್ ಅಂದರೆ ಏನು ಅಂತ ನನಗೆ ಗೊತ್ತು, ಮೊದಲ ದಿನದಿಂದ ಕೇಳಿಸಿಕೊಳ್ಳಬಹುದು ಅಂದಳು. ಪಕ್ಕೀರಮ್ಮನಿಗೆ ಖುಷಿಯಾಯಿತು. ಖುಷಿಯಲ್ಲಿಯೇ ತಪ್ಪು ಮಾಡಿದಳು. ಬೇಕಾದ ಮನೆಯನ್ನು ಮೊದಲು ಹೇಳಬೇಡ, ಬೇರೆ ಮೂರನ್ನು ಮುಂದೆ ಬಿಡು, ಬಳ್ಳಾರಿ ನಾಲ್ಕನೆಯದಿರಲಿ ಅಂತ ತನ್ನ ಪದ್ಧತಿ ಹೇಳಿಕೊಟ್ಟಳು.

ಕೋಮಲಾ ಓದಿದ ಹುಡುಗಿ. ಬರೆದ ಸಾಲಿನ ಪ್ರಕಾರವೇ ಸೀಟು ಹಂಚುತ್ತಾರೆ, ಮೇಲಿನದು ಸಿಕ್ಕರೆ ಕೆಳಗಿನದನ್ನು ನೋಡುವುದೇ ಇಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೆ ಚಿಕ್ಕಪ್ಪನ ಕೆಂಪು ಶಾಯಿಯ ಲೆಕ್ಕ ನೋಡಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೂರೂ ತನ್ನ ರ‍್ಯಾಂಕಿಗೆ ಎಟುಕುವುದಿಲ್ಲ ಅಂದುಕೊಂಡಳು. ಅವನ್ನು ಮುಂದೆ ಬರೆದರೆ ಚಿಕ್ಕಪ್ಪನ ಮಾತೂ ಉಳಿಯುತ್ತದೆ, ಅಜ್ಜಿಯ ಮಾತೂ ಉಳಿಯುತ್ತದೆ, ಬಳ್ಳಾರಿಯೂ ಸಿಗುತ್ತದೆ. ಹಾಗೆ ಬರೆದದ್ದನ್ನು ಕಂಡು ಮಾರೇಶ್ ಅವಳ ಬೆನ್ನು ತಟ್ಟಿದ.

ಖಾಯಂ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಅಂತ ಒಂದು ಇರುತ್ತದೆ. ಈಗಿರುವ ಸಾಲಿನಂತೆ ಹಂಚಿದರೆ ನಿನಗೆ ಯಾವುದು ಬರುತ್ತದೆ ಅಂತ ತೋರಿಸಿ, ಸಾಲು ಬದಲಿಸಲು ಮೂರು ದಿನ ಬಿಡುತ್ತಾರೆ. ಅದು ಬುಧವಾರ ಬಂತು. ಬಸ್‌ಸ್ಟ್ಯಾಂಡ್ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಕಾಂತೇಶ್ ಕಾಗದ ಹಿಡಿದುಕೊಂಡು ತಾನೇ ಓಡಿ ಬಂದ. ಬೆಂಗಳೂರು.

ಈ ವರ್ಷ ಅದರ ಬಾಗಿಲು ಇನ್ನೂ ಕೆಳಗಿನ ರ‍್ಯಾಂಕಿನ ತನಕ ತೆರೆದಿತ್ತಂತೆ. ಓಣಿಗೆ ಹಬ್ಬ ಬಂದ ಹಾಗಾಯಿತು. ಭೀಮರಾಜ ಡಿಪೋದಲ್ಲಿ ಡ್ರೈವರು ಕಂಡಕ್ಟರು ಯಾರನ್ನೂ ಬಿಡದೆ ಪೇಡೆ ಹಂಚಿದ. ಹೊರಟು ನಿಂತ ಬಸ್ಸಿನೊಳಗೂ ಹತ್ತಿ ಹಂಚಿದ, ಪೇಡೆ ಬಾಯಲ್ಲಿಟ್ಟುಕೊಂಡೇ ಪ್ರಯಾಣಿಕರು ಕೊಟ್ಟೂರು ಮುಟ್ಟಿದರು. ಹರಪನಹಳ್ಳಿಯಲ್ಲಿ ಮಾರೇಶ್ ಶಾಲೆಯ ಪ್ರಾರ್ಥನೆಯಲ್ಲಿ ಹೇಳಿಸಿದ. ಹಿಂದೆ ಸರಿದು ನಿಂತವರು ಇಬ್ಬರೇ. ಕೋಮಲಾ ಪೇಡೆಯನ್ನು ಕೈಯಲ್ಲಿ ಹಿಡಿದು ಕರಗಿಸುತ್ತಿದ್ದಳು, ಪಕ್ಕೀರಮ್ಮ ಅವಳನ್ನು ನೋಡುತ್ತಿದ್ದಳು.

ಗುರುವಾರ ಸಂಜೆ ಹುಡುಗಿ ಕಟ್ಟೆಗೆ ಬಂದು ಕೂತಳು. ಶನಿವಾರ ಸಂಜೆ ಆರರ ತನಕ ಸಾಲು ಬದಲಿಸಬಹುದು, ಆದರೆ ಅಪ್ಪನ ಮುಖ ನೋಡಿದರೆ ಬಾಯಿ ಬರುವುದಿಲ್ಲ ಅಂದಳು. ಪಕ್ಕೀರಮ್ಮ ಎರಡು ಲೋಟ ಚಹಾ ತಂದಿಟ್ಟಳು. ಆಮೇಲೆ ಹೇಳಿದಳು, ಈ ಕೆಲಸ ನಿನ್ನದಲ್ಲ, ಕೆಡಿಸಿದವಳು ನಾನು, ಸರಿಮಾಡುವವಳೂ ನಾನೇ.

ಶುಕ್ರವಾರ ಭೀಮರಾಜನ ಮುಂದೆ ಹೇಳಿದ್ದಾಯಿತು. ಅವನು ಕೈಗೆ ಹತ್ತಿದ ಗ್ರೀಸನ್ನು ಒರೆಸುತ್ತಾ ಒರೆಸುತ್ತಾ ಕೇಳಿದ. ಮಗಳನ್ನು ಒಂದೇ ಮಾತು ಕೇಳಿದ, ಬಳ್ಳಾರಿಯಿಂದ ಪ್ರತಿ ಭಾನುವಾರ ಬರುತ್ತೀಯೇನು ಅಂತ. ಎಲ್ಲ ಭಾನುವಾರ ಆಗುವುದಿಲ್ಲ ಅಂದಳು ಕೋಮಲಾ. ಸುಳ್ಳು ಹೇಳಲಿಲ್ಲವಲ್ಲ ಅಂತ ಅವನು ನಕ್ಕ. ಓದುವವಳು ನೀನು, ನನ್ನದೇನೂ ಇಲ್ಲ, ಆದರೆ ಒಟಿಪಿ ಬರುವುದು ಮಾರೇಶನ ಫೋನಿಗೆ ಅಂದ. ಮಾರೇಶನಿಗೆ ಫೋನ್ ಹಚ್ಚಿದರು. ಅವನು ಪೂರ್ತಿ ಕೇಳದೆ, ತಲೆ ಕೆಟ್ಟಿದೆಯೇನು ಅಂತ ಇಟ್ಟುಬಿಟ್ಟ. ಎರಡನೆಯ ಸಲ ಎತ್ತಲಿಲ್ಲ.

ಶನಿವಾರ ಮುಂಜಾನೆ ಏಳರ ಬಸ್ಸಿಗೆ ಪಕ್ಕೀರಮ್ಮ ಕೋಮಲಾಳನ್ನು ಕರೆದುಕೊಂಡು ಹೊರಟಳು. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಹರಪನಹಳ್ಳಿ ಮುಟ್ಟಿದಾಗ ಒಂಬತ್ತೂವರೆ. ಶನಿವಾರದ ಅರ್ಧ ದಿನದ ಶಾಲೆಗೆ ಮಾರೇಶ್ ಹೋಗಿದ್ದ. ಇಬ್ಬರೂ ಅವನ ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾದು ಕೂತರು. ಮಾರೇಶನ ಹೆಂಡತಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಪಕ್ಕೀರಮ್ಮ ಅದನ್ನು ಮುಟ್ಟಲಿಲ್ಲ. ಹನ್ನೆರಡಕ್ಕೆ ಮಾರೇಶ್ ಬಂದ. ಚಪ್ಪಲಿ ಬಿಡುವಾಗ ಅವನ ಕಣ್ಣು ಮೊದಲು ಬಿದ್ದದ್ದು ತುಂಬಿದ ತಂಬಿಗೆಯ ಮೇಲೆ.

"ನೀರು ಕುಡಿ ದೊಡ್ಡವ್ವ."

"ಆಮ್ಯಾಲೆ."

ಮಾರೇಶನಿಗೆ ಅರ್ಥವಾಯಿತು. ಆದರೂ ನಗಿಸಿ ತಪ್ಪಿಸಿಕೊಳ್ಳಲು ನೋಡಿದ. "ನನ್ನ ಮನಿಗೆ ಯಾರನ್ನ ಕೊಡಾಕ ಬಂದೀ? ನನ್ನ ದೊಡ್ಡ ಮಗ ಇನ್ನ ಆರನೇತ್ತ ಅದಾನ, ಮಗ್ಗಿನೇ ನೆಟ್ಟಗ ಬರಂಗಿಲ್ಲ."

"ಮಗ್ಗಿ ನನಗೂ ತಪ್ಪೇತಪ್ಪ," ಅಂದಳು ಪಕ್ಕೀರಮ್ಮ. "ಅದನ್ನ ಹೇಳಾಕ ಬಂದೀನಿ."

ಹೇಳಿದಳು. ಮೂರರ ಹಿಂದೆ ಇಡು ಅಂದವಳು ತಾನು, ಹುಡುಗಿ ತನ್ನ ಮಾತು ನಂಬಿ ಕೆಟ್ಟಳು. ಮನುಷ್ಯರ ಮುಂದೆ ಬೇಕಾದದ್ದನ್ನು ಮುಚ್ಚಿಡಬಹುದು, ಕಂಪ್ಯೂಟರಿಗೆ ದೃಷ್ಟಿ ಇಲ್ಲ, ಸದರವಿಲ್ಲ, ಮೊದಲು ಬರೆದದ್ದನ್ನು ಅದು ನಿಜ ಅಂತಲೇ ನಂಬುತ್ತದೆ ಅಂದಳು. ನಲವತ್ತೊಂದರಲ್ಲಿ ತಪ್ಪಿದ ಆ ಎರಡು ಮನೆಗಳ ಮಾತೂ ತೆಗೆದಳು. ಎರಡರಲ್ಲಿಯೂ ತಾನು ಮನೆಯ ದೊಡ್ಡಸ್ತಿಕೆ ನೋಡಿದ್ದಳೇ ಹೊರತು ಹುಡುಗಿಯ ಮುಖ ನೋಡಿರಲಿಲ್ಲ.

ಮಾರೇಶ್ ಕುರ್ಚಿಯಲ್ಲಿ ಕೂತ. ಅವನ ಸಂಕಟವೂ ಸುಳ್ಳಲ್ಲ. ಶಾಲೆಯಲ್ಲಿ ಎಲ್ಲರ ಮುಂದೆ ಹೇಳಿಸಿದ್ದಾನೆ, ಬಂದ ಬೆಂಗಳೂರನ್ನು ಬಿಟ್ಟು ಬಳ್ಳಾರಿಗೆ ಹೋದಳಂತೆ ಅಂತ ನಗುತ್ತಾರೆ.

"ನಗಲಿ," ಅಂದಳು ಪಕ್ಕೀರಮ್ಮ. "ನಗೋರ ಕೈನೂ ಒಂದಿನ ನೋಯ್ತಾವ. ಆಗ ಈಕಿ ಹಂತ್ಯಾಕೇ ಬರ್ತಾರ."

ಕೋಮಲಾ ಚೀಲದಿಂದ ನೋಟುಬುಕ್ ತೆಗೆದು ಎರಡನೆಯ ಹಾಳೆ ತಿರುವಿ ಚಿಕ್ಕಪ್ಪನ ತೊಡೆಯ ಮೇಲಿಟ್ಟಳು. ದುರುಗಮ್ಮನ ಅಂಗೈ. ಕೆಳಗೆ ಒಂಬತ್ತು ವರ್ಷದ ಹುಡುಗಿಯ ದಪ್ಪ ಅಕ್ಷರದಲ್ಲಿ, ರಾತ್ರಿ ಜೋಮು, ಲೋಟ ಬೀಳುತ್ತದೆ, ಯಾರೂ ಕೇಳಿಲ್ಲ, ಅಂತ ಬರೆದಿತ್ತು. ಮಾರೇಶ್ ಆ ಗೆರೆಯ ಮೇಲೆ ತನ್ನ ಕೈ ಇಟ್ಟ. ಅವನ ಬೆರಳುಗಳು ಒಂದಿಷ್ಟು ಉದ್ದವಿದ್ದವು, ಅಗಲ ಅಷ್ಟೇ.

"ನಾನ ಬೈತಿದ್ದೆ ಅವ್ವಗ," ಅಂದ. "ಒಂದು ಲೋಟ ಹಿಡಿಯಾಕ ಬರಂಗಿಲ್ಲೇನು ಅಂತಿದ್ದೆ."

"ಅದಕ್ಕ ಔಷಧ ಐತಿ ಚಿಕ್ಕಪ್ಪ," ಅಂದಳು ಕೋಮಲಾ. "ಬಳ್ಳಾರಿಯಾಗ ನೋಡಿದೆ."

ಮಾರೇಶ್ ಎದ್ದು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದ. ತಂದವನು ಒಂದು ಕರಾರು ಹಾಕಿದ, ಎರಡನೆಯ ಸಾಲಿನಲ್ಲಿ ಬೆಂಗಳೂರು ಇರಲೇಬೇಕು, ತನ್ನ ಮರ್ಯಾದೆಗೆ. ಅದಕ್ಕೆ ಇಬ್ಬರೂ ಒಪ್ಪಿದರು. ಕೋಮಲಾ ಬಳ್ಳಾರಿಯ ಮುಂದಿದ್ದ ನಾಲ್ಕನ್ನು ಅಳಿಸಿ ಒಂದು ಹಾಕಿದಳು. ಫೋನು ಟಿಂಗ್ ಅಂದಿತು. ಅಕ್ಷರ ಕೂಡಿಸಿ ಓದುವುದು ಪಕ್ಕೀರಮ್ಮನಿಗೆ ನಿಧಾನ, ಆದರೆ ಅಂಕಿ ಅವಳಿಗೆ ಎಂದೂ ತಪ್ಪಿಲ್ಲ. ಫೋನು ತನ್ನ ಕೈಗೆ ಇಸಿದುಕೊಂಡು, ವಾಲಿದ ಹೆಬ್ಬೆರಳನ್ನು ಒಂದೊಂದು ಅಂಕಿಯ ಕೆಳಗೂ ಇಟ್ಟು ಓದಿದಳು, ನಾಲ್ಕು, ಸೊನ್ನೆ, ಏಳು, ಏಳು, ಎರಡು, ಒಂಬತ್ತು. ಕೋಮಲಾ ಒತ್ತಿದಳು. ಸರಿಯಾಗಿ ಸೇರಿತೇ ಅಂತ ಪಕ್ಕೀರಮ್ಮ ಎರಡು ಸಲ ಕೇಳಿದಳು. ಸೇರಿದ ಸಾಲನ್ನು ಕೋಮಲಾ ಮೊದಲಿಂದ ಕೊನೆಯ ತನಕ ಜೋರಾಗಿ ಓದಿ ಹೇಳಿದಳು.

ಆಮೇಲೆ ಪಕ್ಕೀರಮ್ಮ ತಂಬಿಗೆ ಎತ್ತಿ ಗಟಗಟ ಕುಡಿದಳು. ಕೂಡ್ಲಿಗಿ ಬಿಟ್ಟಾಗಿನಿಂದ ತೊಟ್ಟು ನೀರು ಬಾಯಿಗೆ ಹಾಕಿರಲಿಲ್ಲ. ಮಾರೇಶನ ಹೆಂಡತಿ ಇನ್ನೊಂದು ತಂಬಿಗೆ ತಂದಳು, ಅದೂ ಆಯಿತು. ಇನ್ನು ಬಾವಿಯೇ ತೋರಿಸಬೇಕು ಅಂದ ಮಾರೇಶ್. ಮಧ್ಯಾಹ್ನ ಅಲ್ಲಿಯೇ ಊಟ ಮಾಡಿ, ಬದನೆಕಾಯಿ ಪಲ್ಯ ಮೂರು ಸಲ ಹಾಕಿಸಿಕೊಂಡು, ಸಂಜೆ ಬಸ್ಸಿಗೆ ವಾಪಸಾದರು.

ಖಾಯಂ ಹಂಚಿಕೆಯಲ್ಲಿ ಬಳ್ಳಾರಿಯೇ ಬಂತು. ಡಿಪೋದವರು ಭೀಮರಾಜನನ್ನು, ಆಗ ತಿಂದದ್ದು ಬೆಂಗಳೂರಿನ ಪೇಡೆ, ಈಗ ಬಳ್ಳಾರಿಯದು ತರಿಸು ಅಂತ ಕಾಡಿದರು. ಅವನು ಮತ್ತೆ ಹಂಚಿದ. ಮಾರೇಶ್ ಶಾಲೆಯಲ್ಲಿ ತಾನೇ ಎದ್ದು ನಿಂತು, ನಮ್ಮ ಹುಡುಗಿ ಕಾಲೇಜನ್ನು ಆರಿಸಿಕೊಂಡಿದ್ದಾಳೆ, ಕಾಲೇಜು ಅವಳನ್ನಲ್ಲ ಅಂತ ಭಾಷಣ ಮಾಡಿದನಂತೆ. ನಕ್ಕವರು ಯಾರೂ ಇಲ್ಲ ಅಂತ ಫೋನಿನಲ್ಲಿ ಹೇಳಿದ. ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು.

ಸೇರಿಸಲು ಹೋದ ದಿನ ಅಪ್ಪ, ಅವ್ವ, ಪಕ್ಕೀರಮ್ಮ ಮೂವರೂ ಜೊತೆಗಿದ್ದರು. ಟ್ರಂಕು, ಹಾಸಿಗೆ ಸುರುಳಿ, ಒಂದು ಡಬ್ಬಿ ಹುಣಸೆಹಣ್ಣಿನ ತೊಕ್ಕು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸಾಲು ಹಿಡಿದು, ಕಾಗದ ತೋರಿಸಿ, ಕೊನೆಯ ಕಿಟಕಿಯಲ್ಲಿ ಕೋಮಲಾ ರುಜು ಹಾಕಿದಾಗ ಎರಡು ಗಂಟೆ. ಶಾಂಭವಿ ಊಟದ ಬಿಡುವಿನಲ್ಲಿ ಓಡಿ ಬಂದು ಹುಡುಗಿಯ ಬೆನ್ನಿಗೊಂದು ಗುದ್ದಿ, ಟ್ರಂಕಿನ ಒಂದು ಹಿಡಿಕೆ ಹಿಡಿದಳು. ಇನ್ನೊಂದು ಹಿಡಿಕೆ ಭೀಮರಾಜನ ಕೈಯಲ್ಲಿತ್ತು.

ಕೋಮಲಾ ಅವರ ಹಿಂದೆ ಹೋಗಲಿಲ್ಲ. ಕಾರಿಡಾರಿನ ಮೂಲೆಯಲ್ಲಿ ಅದೇ ನಲ್ಲಿ ಇತ್ತು. ತೊಕ್ಕಿನ ಚೀಲದಿಂದ ಸ್ಟೀಲಿನ ಲೋಟ ತೆಗೆದಳು. ಮುಂಜಾನೆಯಿಂದ ಅವಳೂ ಬಾಯಿಗೆ ನೀರು ಹಾಕಿರಲಿಲ್ಲ ಅನ್ನುವುದು ಪಕ್ಕೀರಮ್ಮನಿಗೆ ಆಗ ಹೊಳೆಯಿತು. ಲೋಟ ತುಂಬಿ ತುಳುಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಯ ತನಕ ತಂದು ನಿಲ್ಲಿಸಿ, ಹುಡುಗಿ ತಿರುಗಿ ನೋಡಿದಳು.

"ಅಜ್ಜಿ, ಈಗ ಕುಡೀಲೇನು?"